ಪುನರ್ಪುಳಿ ಸಿರಪ್ ಬಾಟಲಿಗೆ ಮನೆಯಲ್ಲೇ ಲೇಬಲ್ ಮಾಡುದು: ಫ್ರಿಜ್ಜಲ್ಲಿಟ್ರೆ ಶಾಯಿ ಹೋಗ್ತದೆ, ಹೆಸರಿನ ಅಕ್ಷರವೂ ಒಡೀತದೆ

ತೋಟದಮನೆ_ಪುತ್ತೂರು

ಎಲ್ರಿಗೂ ನಮಸ್ಕಾರ. ನಮ್ಮದು ಪುತ್ತೂರು ಕಡೆ, ಅಡಿಕೆ ತೋಟದ ಬದಿಯಲ್ಲಿ ಎಂಟ್ಹತ್ತು ಪುನರ್ಪುಳಿ (ಕೋಕಂ) ಮರ ಉಂಟು. ಅತ್ತೆ ಪ್ರತಿ ವರ್ಷ ಏಪ್ರಿಲ್-ಮೇಯಲ್ಲಿ ಹಣ್ಣು ಹೆಕ್ಕಿ, ಸಿಪ್ಪೆಗೆ ಸಕ್ಕರೆ ಹಾಕಿ ಭರಣಿಯಲ್ಲಿಟ್ಟು ಸಿರಪ್ ಮಾಡ್ತಾರೆ. ಇಷ್ಟು ವರ್ಷ ನೆಂಟರಿಗೆ, ಅಕ್ಕಪಕ್ಕದವರಿಗೆ ಹಳೇ ಬಾಟಲಿ ತೊಳ್ದು ತುಂಬಿಸಿ ಕೊಡುದು ಅಷ್ಟೆ, ಲೇಬಲ್ ಗಿಬಲ್ ಎಂತದೂ ಇರ್ಲಿಲ್ಲ. ಕಳೆದ ವರ್ಷ ಎರಡು ಅಂಗಡಿಯವರು ಕೇಳಿದ್ರು ಅಂತ ಈ ಸಲ 500 ಎಂಎಲ್ ಗಾಜಿನ ಬಾಟಲಿ 120 ತಂದು ನಾನೇ ಮೊಬೈಲಲ್ಲಿ ಡಿಸೈನ್ ಮಾಡಿ ಮನೆಯ ಇಂಕ್‌ಜೆಟ್ ಪ್ರಿಂಟರಲ್ಲಿ ಸ್ಟಿಕರ್ ಶೀಟಿಗೆ ತೆಗ್ದೆ.

ಮೂರು ತೊಂದರೆ ಆಯ್ತು. ಒಂದು, ಫ್ರಿಜ್ಜಿಂದ ತೆಗ್ದ ಬಾಟಲಿ ಬೆವರಿ ಶಾಯಿ ಕೈಗೆಲ್ಲ ಬರ್ತದೆ, ಕೆಂಪು ಬಣ್ಣ ಇಳಿದು ಬಿಳಿ ಜಾಗಕ್ಕೆಲ್ಲ ಹರಡಿತು. ಎರಡು, ಮಾರನೇ ದಿನಕ್ಕೆ ಮೂಲೆಗಳೆಲ್ಲ ಎದ್ದು ನಿಂತದ್ದು. ಮೂರನೇದು ನನಗೆ ಜಾಸ್ತಿ ಬೇಜಾರು ಮಾಡಿದ್ದು. ಪೇಟೆಯಲ್ಲಿ ಒಬ್ಬರ ಹತ್ರ ದೊಡ್ಡ ಪ್ರಿಂಟ್ ತೆಗೆಸುವ ಅಂತ ಫೈಲ್ ಕೊಟ್ಟೆ, ಅವರ ಕಂಪ್ಯೂಟರಲ್ಲಿ ಪುನರ್ಪುಳಿಯ ಅರ್ಕಾವತ್ತು ಒಡೆದು "ಪುನರ್‌ ಪುಳಿ" ಅಂತ ಆಗಿ ಬಂದಿದೆ, "ಸಕ್ಕರೆ"ಯ ಒತ್ತು ಕೂಡ ಕೆಳಗೆ ಹೋಗದೆ ಬದಿಯಲ್ಲಿ ಕೂತಿದೆ. ನಾನು ಗಡಿಬಿಡಿಯಲ್ಲಿ ನೋಡ್ಲಿಲ್ಲ. ಅತ್ತೆ ಕನ್ನಡ ಮಾತ್ರ ಓದುದು. ಬಾಟಲಿ ಕೈಯಲ್ಲಿ ಹಿಡ್ಕೊಂಡು ಕನ್ನಡಕ ಹಾಕಿ "ಇದೆಂತ ಬರ್ದದ್ದು?" ಅಂತ ಕೇಳಿದ್ರು. ಮೂವತ್ತು ವರ್ಷ ಮಾಡಿದ ವಸ್ತುವಿಗೆ ಮೊದಲ ಸಲ ಹೆಸರು ಹಾಕಿದ್ದು, ಅದೂ ತಪ್ಪು. ಇದನ್ನು ಸರಿ ಮಾಡ್ಲೇಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಪ್ರಿಂಟ್

ಅಕ್ಕಾರ, ನಾ ಹದಿನೈದು ವರ್ಷದಿಂದ ಡಿಜಿಟಲ್ ಪ್ರಿಂಟಿಂಗ್ ಅಂಗಡಿ ನಡಸಾಕತ್ತೀನ್ರಿ. ನಿಮ್ಮ ಮೊದಲನೇ ತೊಂದರಿ ಶಾಯಿದು. ಮನಿ ಇಂಕ್‌ಜೆಟ್ ಪ್ರಿಂಟರ್‌ದಾಗ ಬಾಳ ಮಾಡಲ್‌ಗೆ ಡೈ ಇಂಕ್ ಇರ್ತದ್ರಿ, ಅಂದ್ರ ನೀರಾಗ ಕರಗೂ ಬಣ್ಣ. ಅದು ಪೇಪರ್ ಒಳಗ ಹೀರ್ಕೊಂಡು ಕುಂತಿರ್ತದ, ನೀರು ಬಿದ್ದ ಕೂಡ್ಲೆ ಮತ್ತ ಎದ್ದು ಓಡ್ತದ. ಪಿಗ್ಮೆಂಟ್ ಇಂಕ್ ಅಂತ ಇನ್ನೊಂದು ಬರ್ತದ, ಅದರಾಗ ಬಣ್ಣ ಸಣ್ಣ ಕಣ ಆಗಿರ್ತದ, ಕರಗಂಗಿಲ್ಲ, ನೀರಿಗೆ ಬಾಳ ಛಲೋ ತಡೀತದ. ಕೆಲವು ಪ್ರಿಂಟರ್‌ದಾಗ ಕರಿ ಬಣ್ಣ ಅಷ್ಟ ಪಿಗ್ಮೆಂಟ್, ಉಳದ ಮೂರೂ ಡೈ ಇರ್ತಾವ. ಅದಕ್ಕ ನಿಮ್ಮ ಲೇಬಲ್‌ನ್ಯಾಗ ಕರಿ ಅಕ್ಷರ ಉಳದು ಕೆಂಪು ಅಷ್ಟ ಹರದಿದ್ರ ಅದ ಕಾರಣ.

ಲೇಸರ್ ಪ್ರಿಂಟ್ ಬ್ಯಾರೆ ಲೆಕ್ಕ. ಟೋನರ್ ಅಂದ್ರ ಪ್ಲಾಸ್ಟಿಕ್ ಪುಡಿರಿ, ಅದನ್ನ ಸುಮಾರು 180-200 ಡಿಗ್ರಿ ಕಾವಿನಾಗ ಪೇಪರ್ ಮ್ಯಾಲೆ ಕರಗಿಸಿ ಅಂಟಸ್ತದ. ನೀರಿಗೆ ಏನೂ ಆಗಂಗಿಲ್ಲ. ಆದ್ರ ಪೇಪರ್ ಪೇಪರ್‌ರಿ, ಟೋನರ್ ಉಳದ್ರೂ ಕೆಳಗಿನ ಕಾಗದ ನೆಂದು ಉಬ್ಬಿದ್ರ ಉಪಯೋಗ ಇಲ್ಲ. ಅದಕ್ಕ ಫ್ರಿಜ್‌ನ್ಯಾಗ ಇಡೂ ಸಾಮಾನಿಗೆ ನಾವು ನಾನ್ ಟಿಯರೇಬಲ್ ಅಂತೀವಲ್ಲ, ಹರಿಯಲಾರದ ಪ್ಲಾಸ್ಟಿಕ್ ಸ್ಟಿಕರ್ ಶೀಟ್, ಅದರ ಮ್ಯಾಲೆ ಲೇಸರ್ ಹೊಡದು ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕಿ) ಮಾಡಿ ಕೊಡ್ತೀವಿ.

ಒಂದು ಎಚ್ಚರಿಕಿ ಮಾತ್ರ ಮರೀಬ್ಯಾಡ್ರಿ. ಇಂಕ್‌ಜೆಟ್‌ಗೆ ಅಂತ ಮಾರೂ ವಿನೈಲ್ ಶೀಟ್ ತಗೊಂಡು ಲೇಸರ್ ಪ್ರಿಂಟರ್‌ಗೆ ಹಾಕಬ್ಯಾಡ್ರಿ, ಆ ಕಾವಿಗೆ ಕರಗಿ ಒಳಗ ಸುತ್ಕೋತದ, ಮಷೀನ ಹೋತು. ಹಂಗ ಅರ್ಧ ಲೇಬಲ್ ಬಿಚ್ಚಿ ತಗದ ಶೀಟ್ ಮತ್ತ ಪ್ರಿಂಟರ್‌ಗೆ ಹಾಕೂದೂ ಬ್ಯಾಡ. ಬಿಚ್ಚಿದ ಜಾಗದ ಅಂಚಿನ ಗಮ್ ಒಳಗಿನ ಡ್ರಮ್ಮಿಗೆ ಹತ್ತಿದ್ರ ಮುಂದ ಎಲ್ಲಾ ಪೇಜ್ ಮ್ಯಾಲೂ ಕಲಿ ಬರ್ತದ.

ಅಕ್ಷರಾಸಕ್ತ

ನಾನು ಬೆಂಗಳೂರಲ್ಲಿ ಡಿಸೈನ್ ಕೆಲಸ ಮಾಡ್ತೀನಿ, ಅಕ್ಷರ ಒಡೆಯೋ ವಿಷಯಕ್ಕೆ ಮಾತ್ರ ಹೇಳ್ತೀನಿ ಯಾಕಂದ್ರೆ ಇದು ಕನ್ನಡದಲ್ಲಿ ಲೇಬಲ್ ಮಾಡೋ ಪ್ರತಿಯೊಬ್ರಿಗೂ ಆಗೋದೇ, ನಿಮ್ಮ ತಪ್ಪಲ್ಲ.

ನೀವು ಮೊಬೈಲಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಅಂದ್ರೆ ಈಗಿನ ಎಲ್ಲಾ ಮೊಬೈಲು ಕಂಪ್ಯೂಟರು ಅಕ್ಷರ ಸೇವ್ ಮಾಡೋ ಒಂದೇ ಪದ್ಧತಿ. ಯುನಿಕೋಡಲ್ಲಿ "ಪುನರ್ಪುಳಿ" ಅಂದ್ರೆ ಪು, ನ, ಆಮೇಲೆ ರ, ವಿರಾಮ (ಅಂದ್ರೆ ರ ಅನ್ನ ರ್ ಮಾಡೋ ಗುರುತು), ಪು, ಳಿ ಈ ಕ್ರಮದಲ್ಲಿ ಸೇವ್ ಆಗಿರುತ್ತೆ. ನಾವು ಉಚ್ಚರಿಸೋ ಕ್ರಮ ಅದು. ಆದ್ರೆ ಬರೆಯುವಾಗ ಅರ್ಕಾವತ್ತು ಪು ಆದ್ಮೇಲೆ ಬರುತ್ತೆ ಅಲ್ವಾ. ಈ ಜಾಗ ಬದಲಾಯಿಸೋ ಕೆಲಸವನ್ನ ಸಾಫ್ಟ್‌ವೇರು ಮತ್ತು ಫಾಂಟು ಇಬ್ರೂ ಸೇರಿ ಮಾಡಬೇಕು. ಪ್ರೆಸ್‌ನವರು ಡಿಸೈನಿಗೆ ಬಳಸೋ ಹಳೇ ಕೋರಲ್ ಡ್ರಾ, ಹಳೇ ಪೇಜ್‌ಮೇಕರ್‌ಗೆ ಅದು ಬರಲ್ಲ, ಅದಕ್ಕೆ ರ್ ಅನ್ನೋದು ಅಲ್ಲೇ ನಿಂತು ಪು ಮುಂದಕ್ಕೆ ಹೋಗಿಬಿಡುತ್ತೆ. ಸಕ್ಕರೆಯ ಕ್ಕ ಒಡೆದದ್ದೂ ಇದೇ ಕಾರಣಕ್ಕೆ. ನಮ್ಮ ಊರುಗಳ ಪ್ರೆಸ್‌ಗಳಲ್ಲಿ ಇನ್ನೂ ನುಡಿ, ಬರಹ, ಶ್ರೀಲಿಪಿಯ ಹಳೇ ಆಸ್ಕಿ ಫಾಂಟ್ (ಯುನಿಕೋಡಿಗಿಂತ ಮೊದಲಿನ ಪದ್ಧತಿ) ಬಳಸ್ತಾರೆ, ಅದ್ರಲ್ಲಿ ಅರ್ಕಾವತ್ತು, ಒತ್ತು ಎಲ್ಲಾ ಬೇರೆ ಬೇರೆ ಚಿತ್ರದ ಥರ, ಕಣ್ಣಿಗೆ ಕಾಣೋ ಕ್ರಮದಲ್ಲೇ ಸೇವ್ ಆಗಿರುತ್ತೆ, ಅದಕ್ಕೆ ಅವರದ್ದು ಒಡೆಯಲ್ಲ. ನಿಮ್ಮ ಯುನಿಕೋಡನ್ನ ಅಲ್ಲಿ ಪೇಸ್ಟ್ ಮಾಡಿದ್ರೆ ಮಾತ್ರ ಒಡೆಯುತ್ತೆ.

ಪರಿಹಾರ ಏನಂದ್ರೆ ಪ್ರೆಸ್‌ನವರಿಗೆ ಟೆಕ್ಸ್ಟ್ ಕೊಡಲೇಬೇಡಿ. ಇಂಕ್‌ಸ್ಕೇಪ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಕನ್ನಡ ಒತ್ತು ಅರ್ಕಾವತ್ತು ಸರಿಯಾಗಿ ತೋರಿಸುತ್ತೆ. ಅದ್ರಲ್ಲಿ ಡಿಸೈನ್ ಮುಗಿಸಿ ಎಲ್ಲಾ ಅಕ್ಷರ ಸೆಲೆಕ್ಟ್ ಮಾಡಿ ಪಾತ್ ಮೆನುವಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ, ಅಕ್ಷರ ಎಲ್ಲಾ ರೇಖೆಗಳಾಗುತ್ತೆ, ಆಮೇಲೆ ಪಿಡಿಎಫ್ ಮಾಡಿ. ಪ್ರೆಸ್‌ನವರು ಇದನ್ನೇ ಕರ್ವ್ಸ್ ಮಾಡೋದು ಅಂತಾರೆ. ಇನ್ಮೇಲೆ ಯಾವ ಕಂಪ್ಯೂಟರಲ್ಲಿ ತೆಗೆದ್ರೂ ಒಡೆಯೋಕೆ ಅಲ್ಲಿ ಅಕ್ಷರವೇ ಇರಲ್ಲ. ಕರ್ವ್ಸ್ ಮಾಡೋ ಮೊದಲಿನ ಫೈಲನ್ನ ಬೇರೆ ಹೆಸರಲ್ಲಿ ಇಟ್ಕೊಳ್ಳಿ, ಇಲ್ಲಾಂದ್ರೆ ಮುಂದಿನ ವರ್ಷ ಒಂದಕ್ಷರ ತಿದ್ದೋಕೂ ಆಗಲ್ಲ. ಫೋಟೋಶಾಪ್ ಬಳಸೋರು ಟೈಪ್ ಪ್ರಿಫರೆನ್ಸಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡ್ಕೊಳ್ಳಿ, ಅದು ಆಫ್ ಇದ್ರೂ ಹೀಗೇ ಒಡೆಯುತ್ತೆ.

ಫೈಲನ್ನ ವಾಟ್ಸಾಪಲ್ಲಿ ಫೋಟೋ ಥರ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಆದ್ರೆ ಅದು ಕುಗ್ಗಿಸಿ ಸಣ್ಣ ಅಕ್ಷರ ಎಲ್ಲಾ ಮಂಜು ಮಂಜು ಮಾಡುತ್ತೆ.

ತೋಟದಮನೆ_ಪುತ್ತೂರು

ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ ನನಗೆ. ಆ ಪ್ರಿಂಟಿನವರು ನಿಮ್ಮ ಫೈಲೇ ಹಾಗಿದ್ದದ್ದು ಅಂದ್ರು, ನಾನು ನನ್ನ ಮೊಬೈಲ್ ಸರಿ ಇಲ್ಲ ಅಂದ್ಕೊಂಡೆ. ಫಾಂಟ್ ಯಾವುದು ಚಂದ? ನಾನು ಹಾಕಿದ್ದು ಮೊಬೈಲಲ್ಲಿ ಬಂದದ್ದೇ. ಮತ್ತೆ ಅಳತೆ ಹೇಗೆ ಇಡುದು, ಬಾಟಲಿಗೆ ನೂಲು ಸುತ್ತಿ ನೋಡಿದೆ, ಸರೀ 22 ಸೆಂಟಿಮೀಟರ್ ಉಂಟು.

ಅಕ್ಷರಾಸಕ್ತ

ನೂಲು ಸುತ್ತಿದ್ದೇ ಸರಿಯಾದ ದಾರಿ. 22 ಅಂದ್ರೆ ವ್ಯಾಸ 7 ಸೆಂಟಿಮೀಟರ್. ಎ4 ಅಗಲ ಇರೋದೇ 21, ಅಂದ್ರೆ ಬಾಟಲಿ ಸುತ್ತ ಪೂರ್ತಿ ಸುತ್ತೋ ಲೇಬಲ್ ಬೇಕಿದ್ರೆ ಶೀಟನ್ನ ಅಡ್ಡ ಇಟ್ಕೋಬೇಕು, ಆಗ 6 ಸೆಂಟಿಮೀಟರ್ ಎತ್ತರದ ಪಟ್ಟಿ ಮೂರು ಬರುತ್ತೆ ಅಷ್ಟೇ. ನನ್ನ ಸಲಹೆ ಸುತ್ತಬೇಡಿ. ಮುಂದೆ ಒಂದು, ಹಿಂದೆ ಒಂದು ಇಡಿ. ನಿಮ್ಮ ಸಿರಪ್ಪಿನ ಬಣ್ಣವೇ ದೊಡ್ಡ ಆಸ್ತಿ, ಅದನ್ನ ಕಾಗದದಿಂದ ಮುಚ್ಚೋದ್ಯಾಕೆ.

ಮುಂದಿನದ್ದು 6.5 ಅಗಲ 9 ಎತ್ತರ ಇಟ್ರೆ ಎ4ನಲ್ಲಿ ಅಡ್ಡಕ್ಕೆ ಮೂರು ಉದ್ದಕ್ಕೆ ಮೂರು, ಒಂಬತ್ತು ಕೂರುತ್ತೆ. 7 ಇಟ್ರೆ ಮೂರು ಸೇರಿ 21 ಆಗಿ ಲೆಕ್ಕಕ್ಕೆ ಸರಿ ಅನ್ಸುತ್ತೆ ಆದ್ರೆ ಮನೆ ಪ್ರಿಂಟರ್ ಅಂಚಿನ ಅರ್ಧ ಸೆಂಟಿಮೀಟರ್ ಹತ್ರ ಪ್ರಿಂಟ್ ಮಾಡಲ್ಲ, ಕತ್ತರಿಸಿಬಿಡುತ್ತೆ. 120 ಬಾಟಲಿಯ ಮುಂದಿನ ಲೇಬಲಿಗೆ 14 ಶೀಟ್ ಆಯ್ತು, ಹಾಳಾಗೋದಕ್ಕೆ ಎರಡು ಜಾಸ್ತಿ ಇಟ್ಕೊಳ್ಳಿ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಅಂತ ಇರುತ್ತಲ್ಲ ಅದನ್ನ ತೆಗೆದು 100 ಪರ್ಸೆಂಟ್ ಇಡಿ, ಇಲ್ಲಾಂದ್ರೆ ಅಳತೆ ಎಲ್ಲಾ ಕುಗ್ಗುತ್ತೆ. ಚಿತ್ರ ಏನಾದ್ರೂ ಇದ್ರೆ ಇಂಚಿಗೆ 300 ಡಾಟ್ ಲೆಕ್ಕದಲ್ಲಿ ಈ ಅಳತೆಗೆ ಸುಮಾರು 770ಕ್ಕೆ 1065 ಪಿಕ್ಸೆಲ್ ಬೇಕು.

ಫಾಂಟಿಗೆ ಬರ್ತೀನಿ, ನನಗೆ ಇಷ್ಟದ ವಿಷಯ. ಅನೆಕ್ ಕನ್ನಡ ನೋಡಿ, ಒಂದೇ ಫಾಂಟಲ್ಲಿ ಕಿರಿದು ಅಗಲ ತೆಳು ದಪ್ಪ ಎಲ್ಲಾ ಇದೆ, ಬಾಟಲಿ ಥರ ಸಪೂರ ಜಾಗಕ್ಕೆ ಕಿರಿದಾದ ರೂಪ ತುಂಬಾ ಉಪಯೋಗ, ಅಕ್ಷರವನ್ನ ಕೈಯಿಂದ ಹಿಸುಕಿ ಸಣ್ಣ ಮಾಡೋದು ತಪ್ಪುತ್ತೆ. ಹಿಸುಕಿದ್ರೆ ಕನ್ನಡದ ದುಂಡು ಎಲ್ಲಾ ಮೊಟ್ಟೆ ಆಗಿ ಬಿಡುತ್ತೆ, ದಯವಿಟ್ಟು ಮಾಡಬೇಡಿ. ಹೆಸರಿಗೆ ಬಾಲೂ ತಮ್ಮ ದುಂಡಗೆ ದಪ್ಪಗೆ ಚೆನ್ನಾಗಿದೆ, ಪುಸ್ತಕದ ಅಕ್ಷರದ ಗಾಂಭೀರ್ಯ ಬೇಕಿದ್ರೆ ಟೀರೋ ಕನ್ನಡ ಅಥವಾ ನೋಟೋ ಸೆರಿಫ್. ಇವೆಲ್ಲಾ ಪುಕ್ಕಟೆ, ಮಾರೋ ವಸ್ತುವಿನ ಮೇಲೆ ಹಾಕೋಕೂ ಲೈಸೆನ್ಸಲ್ಲಿ ಅವಕಾಶ ಇದೆ. ಎಲ್ಲಿಂದಲೋ ಸಿಕ್ಕ ಫಾಂಟ್ ಹಾಕೋ ಮೊದಲು ಅದನ್ನ ಒಂದ್ಸಲ ನೋಡ್ಕೊಳ್ಳಿ.

ಇನ್ನೊಂದು, ಸಾಲುಗಳ ಮಧ್ಯ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬಿಡಿ. ನಮ್ಮಲ್ಲಿ ಮೇಲೆ ಗುಡಿಸು ಕೆಳಗೆ ಒತ್ತು ಎರಡೂ ಇರುತ್ತೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ್ರೆ ಸಣ್ಣ ಅಕ್ಷರದಲ್ಲಿ ಓದೋಕೇ ಆಗಲ್ಲ.

ಜೇನುಗೂಡು_ಶಿರಸಿ

ನಾವು ಶಿರಸಿ ಕಡೆಯವರು, ತುಡುವೆ ಜೇನು ಮಾಡ್ತೇವೆ, ಒಂದಿಷ್ಟು ಮುರುಗಲು ಸಿರಪ್ಪೂ ಇದೆ. ಹಾಂ ನಮ್ಮಲ್ಲಿ ಅದಕ್ಕೆ ಮುರುಗಲು ಅಂತಾರೆ, ಪುನರ್ಪುಳಿ ಅಂದ್ರೆ ಹೊನ್ನಾವರ ದಾಟಿದ ಮೇಲೆ ಗೊತ್ತಾಗೋದು, ಬೆಂಗಳೂರಲ್ಲಿ ಎರಡೂ ಗೊತ್ತಿಲ್ಲ ಕೋಕಂ ಅಂದ್ರೆ ಮಾತ್ರ ಗೊತ್ತು. ಹಾಗಾಗಿ ದೊಡ್ಡದಾಗಿ ನಿಮ್ಮೂರ ಹೆಸರು ಹಾಕಿ ಕೆಳಗೆ ಸಣ್ಣಕ್ಕೆ ಮುರುಗಲು, ಕೋಕಂ ಅಂತ ಹಾಕಿ. ನಾನು ಮೊದಲು ಕೋಕಂ ಅಂತ ದೊಡ್ಡದಾಗಿ ಹಾಕಿದ್ದೆ, ಊರಿನವರೇ ಇದು ನಮ್ಮದಲ್ಲ ಅಂತ ಪಕ್ಕಕ್ಕಿಟ್ರು. ಆಮೇಲೆ ಬದಲಾಯಿಸಿದೆ.

ಅಂಟಿಸೋ ವಿಷಯ ಹೇಳ್ತೆ. ಮೂಲೆ ಏಳೋದು ಬಹಳ ಸಲ ಸ್ಟಿಕರ್ ದೋಷ ಅಲ್ಲ, ಬಾಟಲಿದು. ನೀವು ತುಂಬಿದ ಮೇಲೆ ಅಂಟಿಸಿದ್ದಾ? ಸಿರಪ್ ಒಂದು ಹನಿ ಕೆಳಗಿಳಿದು ಒಣಗಿದ್ರೂ ಕಣ್ಣಿಗೆ ಕಾಣೋದಿಲ್ಲ, ಆದ್ರೆ ಅಂಟು ಗಾಜನ್ನ ಹಿಡಿಯೋದಿಲ್ಲ ಸಕ್ಕರೆಯನ್ನ ಹಿಡೀತದೆ. ಜೇನಲ್ಲಿ ನಮಗೆ ಇದೇ ಕಥೆ. ಈಗ ನಾವು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಹೊರಗಡೆ ಒರೆಸಿ, ಮೊದಲು ಲೇಬಲ್ ಅಂಟಿಸಿ ಒಂದು ದಿನ ಬಿಟ್ಟು ಆಮೇಲೆ ತುಂಬ್ತೇವೆ. ಆ ಒಂದು ದಿನ ಮುಖ್ಯ, ಅಂಟು ಪೂರ್ತಿ ಕಚ್ಚಿಕೊಳ್ಳೋದಕ್ಕೆ ಸಮಯ ಬೇಕು, ಅಂಟಿಸಿದ ಕೂಡಲೇ ಫ್ರಿಜ್ಜಿಗೆ ಹಾಕಿದ್ರೆ ಯಾವ ಸ್ಟಿಕರ್ರೂ ನಿಲ್ಲೋದಿಲ್ಲ.

ನೆಟ್ಟಗೆ ಅಂಟಿಸೋದಕ್ಕೆ ಒಂದು ಉಪಾಯ. ಪಿವಿಸಿ ಪೈಪು ದಪ್ಪಂದು ಒಂದಡಿ ತುಂಡು ತಗೊಂಡು ಉದ್ದಕ್ಕೆ ಸೀಳಿ, ದೋಣಿ ಹಾಗೆ ಆಗ್ತದೆ, ಅದರಲ್ಲಿ ಬಾಟಲಿ ಮಲಗಿಸಿದ್ರೆ ಉರುಳೋದಿಲ್ಲ. ಪೈಪಿನ ಅಂಚಿಗೆ ಮಾರ್ಕರಲ್ಲಿ ಗೆರೆ ಹಾಕಿಟ್ಕೊಳ್ಳಿ, ಪ್ರತಿ ಬಾಟಲಿಯಲ್ಲೂ ಲೇಬಲ್ ಅದೇ ಎತ್ತರಕ್ಕೆ ಬರ್ತದೆ. ಮಧ್ಯ ಮೊದಲು ಒತ್ತಿ ಆಮೇಲೆ ಎರಡೂ ಕಡೆ ಹೆಬ್ಬೆರಳಲ್ಲಿ ಸವರಿ, ಗುಳ್ಳೆ ಬರೋದಿಲ್ಲ. ಮೂಲೆಗಳನ್ನ ಚೂಪಾಗಿ ಬಿಡೋ ಬದಲು ಸ್ವಲ್ಪ ದುಂಡು ಮಾಡಿ ಕತ್ತರಿಸಿ, ಏಳೋದು ಯಾವಾಗಲೂ ಚೂಪು ಮೂಲೆಯಿಂದಲೇ.

ಮಳೆಗಾಲದಲ್ಲಿ ಸ್ಟಿಕರ್ ಶೀಟ್ ಹೊರಗಿಟ್ರೆ ತೇವ ಹೀರಿ ಸುರುಳಿ ಆಗ್ತದೆ, ಪ್ರಿಂಟರ್ ಒಳಗೆ ಸಿಕ್ಕಿಹಾಕಿಕೊಳ್ತದೆ. ಪ್ಲಾಸ್ಟಿಕ್ ಕವರ್ ಕಟ್ಟಿ ಅಕ್ಕಿ ಡಬ್ಬದ ಪಕ್ಕ ಒಣ ಜಾಗದಲ್ಲಿಡಿ. ಜೂನಿನ ಮೊದಲೇ ಪ್ರಿಂಟ್ ಮುಗಿಸಿಕೊಳ್ಳೋದು ಇನ್ನೂ ಒಳ್ಳೇದು.

ಸಂಘದಕ್ಕ_ತಿಪಟೂರು

ನಾವು ಸ್ವಸಹಾಯ ಸಂಘದಿಂದ ಉಪ್ಪಿನಕಾಯಿ ಚಟ್ನಿಪುಡಿ ಮಾಡಿ ಮಾರ್ತೀವಿ. ತಂಗಿ, ನೆಂಟರಿಗೆ ಕೊಡೋವರೆಗೂ ಲೇಬಲ್ ಮೇಲೆ ಏನ್ ಬೇಕಾದ್ರೂ ಬರ್ಕೊಳಿ, ಅಂಗಡಿಗೆ ಇಡ್ತೀನಿ ಅಂದ್ರಲ್ಲ ಆವಾಗ ಬೇರೆ. ನಮ್ಗೆ ಮೊದ್ಲು ಗೊತ್ತಿಲ್ದೆ 300 ಲೇಬಲ್ ಪ್ರಿಂಟ್ ಮಾಡಿಸಿ ಎಲ್ಲಾ ದಂಡ ಆಯ್ತು ಅದಕ್ಕೇ ಹೇಳ್ತಿದೀನಿ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸ್ಬೇಕು, ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಫೀ ಇತ್ತು, ಆನ್‌ಲೈನಲ್ಲೇ ಆಯ್ತು. 14 ಅಂಕಿ ನಂಬರ್ ಕೊಡ್ತಾರೆ, ಅದು ಅವರ ಲೋಗೋ ಜೊತೆ ಲೇಬಲ್ ಮೇಲೆ ಬರ್ಬೇಕು. ಆಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮನೇಲಿ ಪ್ರಿಂಟ್ ಮಾಡುವಾಗ ಇಂಕ್ ಕಮ್ಮಿ ಆಗಿ ಹಸಿರು ಕೆಟ್ಟು ಕಂದು ಥರ ಬಂದ್ರೆ ಮಾಂಸಾಹಾರದ ಗುರುತು ಅಂದ್ಕೋತಾರೆ ಅದನ್ನ ಸರಿಯಾಗಿ ನೋಡ್ಕೊಳಿ. ಪದಾರ್ಥಗಳ ಪಟ್ಟಿ, ಯಾವ್ದು ಜಾಸ್ತಿ ಇದ್ಯೋ ಅದು ಮೊದ್ಲು, ಹಂಗೇ ಇಳಿಕೆ ಕ್ರಮದಲ್ಲಿ. ನಿಮ್ದ್ರಲ್ಲಿ ಸಕ್ಕರೆ ತೂಕ ಜಾಸ್ತಿ ಇದ್ರೆ ಸಕ್ಕರೆನೇ ಮೊದ್ಲು ಬರ್ಬೇಕು. ಎಷ್ಟು ಎಂಎಲ್ ಅಂತ, ಬ್ಯಾಚ್ ನಂಬರ್, ತಯಾರಿಸಿದ ದಿನ, ಯಾವತ್ತಿನವರೆಗೆ ಬಳಸ್ಬೋದು ಅಂತ, ಎಂಆರ್‌ಪಿ ಎಲ್ಲಾ ತೆರಿಗೆ ಸೇರಿ, ನಿಮ್ಮ ಹೆಸರು ವಿಳಾಸ, ದೂರು ಹೇಳೋಕೆ ಫೋನ್ ನಂಬರ್. ಪೋಷಕಾಂಶದ ಪಟ್ಟಿ ವಿಷ್ಯ ನೋಂದಣಿ ಮಾಡಿಸುವಾಗಲೇ ಆಹಾರ ಸುರಕ್ಷತಾ ಅಧಿಕಾರಿ ಹತ್ರ ಕೇಳ್ಕೊಂಡ್ ಬಿಡಿ.

ಭಾಷೆ ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಕಡ್ಡಾಯ ವಿವರ ಎಲ್ಲಾ ಇಂಗ್ಲಿಷಲ್ಲೋ ದೇವನಾಗರಿ ಹಿಂದೀಲೋ ಇರ್ಲೇಬೇಕು ಅಂತ ಆಹಾರದ ನಿಯಮದಲ್ಲಿದೆ, ಅದರ ಜೊತೆಗೆ ಬೇರೆ ಭಾಷೆ ಹಾಕೋಕೆ ಅಡ್ಡಿ ಇಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರಲ್ಲಿ ಇಲ್ಲಿ ತಯಾರಾದ ವಸ್ತು ಮೇಲೆ ಕನ್ನಡದಲ್ಲೂ ಹೆಸರು, ಬಳಸೋ ವಿಧಾನ ಇರ್ಬೇಕು ಅಂತಿದೆ. ಅದಕ್ಕೇ ನಾವು ಮುಂದೆ ಪೂರ್ತಿ ಕನ್ನಡ, ಹಿಂದೆ ಎರಡೂ ಭಾಷೆ ಮಾಡ್ಕೊಂಡಿದೀವಿ. ಓದೋರಿಗೂ ಸುಲಭ.

ತೋಟದಮನೆ_ಪುತ್ತೂರು

ಅಕ್ಕ ತುಂಬ ಉಪಕಾರ ಆಯ್ತು. ನೋಂದಣಿಗೆ ಹಾಕಿದ್ದೇನೆ, ನಂಬರ್ ಬರ್ಲಿಕ್ಕೆ ಉಂಟು, ಅದು ಬಂದ ಮೇಲೆಯೇ ಅಂಗಡಿಗೆ ಕೊಡುದು. ಅತ್ತೆಗೆ "ಪಿತ್ತಕ್ಕೆ ಒಳ್ಳೆಯ ಮದ್ದು" ಅಂತ ಬರೀಬೇಕು ಅಂತ ಬಹಳ ಆಸೆ. ನಮ್ಮಲ್ಲಿ ಪಿತ್ತ ಕೆದರಿ ಮೈಯೆಲ್ಲ ತುರಿಸಿದ್ರೆ ಪುನರ್ಪುಳಿಯೇ ಕೊಡುದು. ಬರೀಬಹುದಾ?

ಸಂಘದಕ್ಕ_ತಿಪಟೂರು

ಬೇಡ ತಂಗಿ. ಆಹಾರದ ಲೇಬಲ್ ಮೇಲೆ ಕಾಯಿಲೆ ವಾಸಿ ಮಾಡ್ತದೆ ಅಂತ ಬರ್ಯೋ ಹಂಗಿಲ್ಲ. ನಮ್ಮ ಸಂಘದಲ್ಲೂ ಕರಿಬೇವಿನ ಪುಡಿಗೆ ಸಕ್ಕರೆ ಕಾಯಿಲೆ ವಿಷ್ಯ ಬರ್ದಿದ್ರು, ತೆಗೆಸಿದ್ವಿ. ಅದರ ಬದ್ಲು ಹೆಂಗೆ ಮಾಡ್ತೀರಿ ಅಂತ ಬರೀರಿ, ಮರ ಎಲ್ಲಿದೆ, ಸಿಪ್ಪೆಗೆ ಸಕ್ಕರೆ ಹಾಕಿ ಎಷ್ಟು ದಿನ ಭರಣೀಲಿ ಇಡ್ತೀರಿ, ಒಂದು ಲೋಟಕ್ಕೆ ಎಷ್ಟು ಚಮಚ ಹಾಕ್ಬೇಕು. ಅತ್ತೆಯವರಿಗೆ ಗೊತ್ತಿರೋದನ್ನ ಬೇರೆ ಯಾರೂ ಬರ್ಯೋಕಾಗಲ್ಲ.

ಮೊಳೆಜೋಡಿ

ನಾನು ಮೈಸೂರಿನಲ್ಲಿ ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿದವನು. ಈಗ ವಯಸ್ಸಾಗಿದೆ, ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಿಮ್ಮ ಅತ್ತೆಯವರು "ಇದೆಂತ ಬರ್ದದ್ದು" ಎಂದು ಕೇಳಿದ್ದು ಓದಿ ಮನಸ್ಸಿಗೆ ಹತ್ತಿತು, ಅದಕ್ಕೇ ಬರೆಯುತ್ತಿದ್ದೇನೆ.

ಸೀಸದ ಮೊಳೆಯ ಕಾಲದಲ್ಲಿ ಒತ್ತು ಬೇರೆ ಮೊಳೆ, ಅರ್ಕಾವತ್ತು ಬೇರೆ ಮೊಳೆ. ಟ್ರೆಡಲ್ ಎಂಬ, ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರದಲ್ಲಿ ಊದುಬತ್ತಿ, ಅತ್ತರು, ನಶ್ಯದ ಚೀಟಿಗಳನ್ನು ಸಾವಿರಗಟ್ಟಲೆ ಹೊಡೆಯುತ್ತಿದ್ದೆವು. ಒಂದು ಒತ್ತು ಜಾರಿ ಬಿದ್ದರೆ ಸಾವಿರ ಚೀಟಿಯೂ ತಪ್ಪು. ಆದ್ದರಿಂದ ಕರಡಚ್ಚು ತೆಗೆಯದೆ ಯಾವ ಕೆಲಸವನ್ನೂ ಯಂತ್ರಕ್ಕೆ ಏರಿಸುತ್ತಿರಲಿಲ್ಲ. ಕರಡನ್ನು ಜೋಡಿಸಿದವನೇ ನೋಡಬಾರದು ಎಂಬುದು ನಮ್ಮ ಯಜಮಾನರ ನಿಯಮವಾಗಿತ್ತು, ಏಕೆಂದರೆ ಅವನ ಕಣ್ಣು ಇರಬೇಕಾದ್ದನ್ನು ನೋಡುತ್ತದೆ, ಇರುವುದನ್ನು ನೋಡುವುದಿಲ್ಲ. ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಓದಬೇಕು.

ತಾಯಿ, ನೀವು ಮುಂದಿನ ಸಲ ಒಂದೇ ಒಂದು ಹಾಳೆ ಸಾದಾ ಕಾಗದದಲ್ಲಿ ತೆಗೆದು, ಕತ್ತರಿಸಿ, ನೀರು ತುಂಬಿದ ಬಾಟಲಿಗೆ ದಾರ ಕಟ್ಟಿ ನಿಲ್ಲಿಸಿ, ಅತ್ತೆಯವರ ಕೈಗೆ ಕೊಡಿ. ಅವರು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಅಕ್ಷರ ಸಣ್ಣದಾಗಿದೆ ಅಥವಾ ತಪ್ಪಾಗಿದೆ. ಅವರು ಒಪ್ಪಿದ ಮೇಲೆ ಮುದ್ರಿಸಿ.

ಹುಬ್ಬಳ್ಳಿ_ಪ್ರಿಂಟ್

ಅಜ್ಜಾರ ಹೇಳಿದ್ದು ನೂರಕ್ಕ ನೂರು ಖರೇರಿ. ನಮ್ಮ ಅಂಗಡ್ಯಾಗೂ ಪ್ರೂಫಿಗೆ, ಅಂದ್ರ ಕರಡಿಗೆ, ಗಿರಾಕಿ ಸಹಿ ಹಾಕಲಾರದ ನಾವು ಕೆಲಸ ಮಾಡಂಗಿಲ್ಲ.

ಬಣ್ಣದ್ದು ಒಂದು ಹೇಳ್ತೀನಿ. ಮೊಬೈಲ್ ಸ್ಕ್ರೀನ್ ಬೆಳಕಿನ ಬಣ್ಣ, ಪ್ರಿಂಟ್ ಶಾಯಿ ಬಣ್ಣ, ಎರಡೂ ಒಂದ ಆಗಂಗಿಲ್ಲ. ನಿಮ್ಮ ಸಿರಪ್ಪಿನ ಕಡು ಕೆಂಪು ಸ್ಕ್ರೀನಿನ್ಯಾಗ ಹೊಳೀತದ, ಕಾಗದದ ಮ್ಯಾಲೆ ಇಟ್ಟಂಗಿ ಬಣ್ಣ ಆಗಿ ಬರಬಹುದು. ಅದಕ್ಕ ಪ್ರೂಫ್ ತಗದ ನೋಡಿ ಬಣ್ಣ ತಿದ್ಕೋರಿ. ಮತ್ತ ಬಾಳ ಮಂದಿ ಬಾಟಲಿಗೆ ಟ್ರಾನ್ಸ್‌ಪರೆಂಟ್ ಸ್ಟಿಕರ್ ಬೇಕು ಅಂತಾರ. ಸಾದಾ ಪ್ರಿಂಟರ್‌ದಾಗ ಬಿಳಿ ಶಾಯಿ ಅನ್ನೂದ ಇರಂಗಿಲ್ರಿ, ಡಿಸೈನಿನ್ಯಾಗ ಬಿಳಿ ಇದ್ದಲ್ಲೆ ಖಾಲಿ ಬಿಡ್ತದ. ಬಿಳಿ ಕಾಗದದ ಮ್ಯಾಲೆ ಅದು ಬಿಳಿ ಕಾಣ್ತದ, ಟ್ರಾನ್ಸ್‌ಪರೆಂಟ್ ಮ್ಯಾಲೆ ಹಿಂದಿನ ಕೆಂಪು ಸಿರಪ್ ಕಾಣ್ತದ. ಕೆಂಪಿನ ಮ್ಯಾಲೆ ಕೆಂಪು ಅಕ್ಷರ, ಓದಾಕ ಬರಂಗಿಲ್ಲ. ನಿಮಗ ಬಿಳಿ ಅಥವಾ ಕೆನಿ ಬಣ್ಣದ ಶೀಟ ಛಲೋ.

ದಿನಾಂಕದ ಜಾಗ ಮರತೀರಿ. ಲ್ಯಾಮಿನೇಷನ್ ಮಾಡಿದ ಮ್ಯಾಲೆ ಸಾದಾ ರಬ್ಬರ್ ಸ್ಟಾಂಪಿನ ಶಾಯಿ ಹತ್ತಂಗಿಲ್ಲ, ಬೆರಳಿಗೆ ಒರಸಿ ಹೋಗ್ತದ. ಹಿಂದಿನ ಲೇಬಲ್ ಲ್ಯಾಮಿನೇಷನ್ ಇಲ್ಲದ ಇಟ್ಟು ಒಂದು ಖಾಲಿ ಡಬ್ಬಿ ಬಿಡ್ರಿ, ಅಲ್ಲೆ ಬ್ಯಾಚು ದಿನಾಂಕ ಎಂಆರ್‌ಪಿ ಹೊಡೀರಿ, ಪ್ಲಾಸ್ಟಿಕ್ ಮ್ಯಾಲೆ ಲಗೂನ ಒಣಗೂ ಸ್ಟಾಂಪ್ ಇಂಕ್ ಬ್ಯಾರೆ ಸಿಗ್ತದ ಅದನ್ನ ಕೇಳಿ ತಗೋರಿ. ಹಂಗ ಅಂದ್ರ ಲೇಬಲ್ ಒಮ್ಮೆ ಜಾಸ್ತಿ ಪ್ರಿಂಟ್ ಮಾಡಿಸಿ ಇಟ್ಕೊಂಡು ವರ್ಷಾ ದಿನಾಂಕ ಅಷ್ಟ ಬದಲಿ ಮಾಡಬಹುದು.

120 ಬಾಟಲಿಗೆ ನೀವು ಮನ್ಯಾಗ ಕತ್ತರಿಸೂದು ಬ್ಯಾಡ್ರಿ. ಊರಾಗಿನ ಡಿಜಿಟಲ್ ಅಂಗಡ್ಯಾಗ 12ಕ್ಕ 18 ಇಂಚಿನ ಶೀಟ್‌ಗೆ ಹೊಡದು ಹಾಫ್ ಕಟ್ ಮಾಡಿ ಕೊಡ್ತಾರ, ಅಂದ್ರ ಮ್ಯಾಲಿನ ಸ್ಟಿಕರ್ ಅಷ್ಟ ಕತ್ತರಿಸಿರ್ತದ ಕೆಳಗಿನ ಹಾಳಿ ಹಂಗ ಇರ್ತದ, ಬಿಡಿಸಿ ಅಂಟಿಸೂದು ಅಷ್ಟ ಕೆಲಸ. ದುಂಡು ಮೂಲಿನೂ ಮಷೀನ ಮಾಡ್ತದ.

ಅಡಿಗೆಮನೆ_ಕೊಪ್ಪ

ಪ್ಲಾಸ್ಟಿಕ್ ಸ್ಟಿಕರ್ ಬಿಟ್ಟು ಬೇರೆ ದಾರಿ ಇಲ್ವಾ? ನಮ್ಮಜ್ಜಿ ಮೈದಾ ಅಂಟು ಕಾಯಿಸಿ ಕಾಗದ ಅಂಟಿಸ್ತಿದ್ರು, ಬಾಟಲಿ ವಾಪಸ್ ತಗೊಂಡು ತೊಳೆದು ಮತ್ತೆ ಬಳಸೋದಕ್ಕೆ ಅದೇ ಸುಲಭ ಅಲ್ವಾ.

ಮೊಳೆಜೋಡಿ

ಮೈದಾ ಅಂಟು ಒಳ್ಳೆಯದೇ, ಆದರೆ ನೀರಿಗೆ ಬಿಡುತ್ತದೆ, ಜಿರಳೆ ತಿನ್ನುತ್ತದೆ. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ತಿನ್ನುವ ವಸ್ತುವಿನ ಬಾಟಲಿಗೆ ಅದನ್ನು ಖಂಡಿತ ಬೆರೆಸಬೇಡಿ, ಅದು ವಿಷ. ಫ್ರಿಜ್ಜಿಗೆ ಹೋಗದ ಒಣ ಪುಡಿಯ ಡಬ್ಬಕ್ಕೆ ಸಾದಾ ಮೈದಾ ಅಂಟು ಸಾಕು.

ಜೇನುಗೂಡು_ಶಿರಸಿ

ಹಾಲಲ್ಲಿ ಅಂಟಿಸಬಹುದು, ನಾನು ಮಾಡಿ ನೋಡಿದ್ದೇನೆ. ಸಾದಾ ಕಾಗದದ ಹಿಂದೆ ಕುಂಚದಲ್ಲಿ ಹಾಲು ತೆಳ್ಳಗೆ ಹಚ್ಚಿ ಗಾಜಿಗೆ ಒತ್ತಿ ಒಣಬಟ್ಟೆಯಲ್ಲಿ ಸವರಿದ್ರೆ ಗಟ್ಟಿಯಾಗಿ ಕೂರ್ತದೆ, ಒಣಗಿದ ಮೇಲೆ ವಾಸನೆ ಬರೋದಿಲ್ಲ. ಹಾಲಿನ ಕೇಸೀನ್ ಪ್ರೋಟೀನೇ ಅಂಟು. ಗಾಜಿನ ಬಾಟಲಿ ವಾಪಸ್ ತಗೊಳ್ಳೋ ಕಾರ್ಖಾನೆಗಳು ಕೇಸೀನ್ ಅಂಟನ್ನೇ ಬಳಸ್ತಿದ್ದದ್ದು ಇದೇ ಕಾರಣಕ್ಕೆ, ಮಂಜುಗಡ್ಡೆ ನೀರಲ್ಲಿಟ್ರೂ ತಡೀತದೆ, ಬಿಸಿ ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆದಾಗ ಬಿಡ್ತದೆ. ನಮ್ಮ ಮನೆ ಹಾಲು ಅಷ್ಟು ಬಲ ಇರೋದಿಲ್ಲ, ಬೆವರೋ ಬಾಟಲಿಗೆ ನಾನು ಹೇಳೋದಿಲ್ಲ. ಹೊರಗಿಡೋ ಜೇನಿಗೆ, ಹಬ್ಬಕ್ಕೆ ಕೊಡೋ ಉಡುಗೊರೆಗೆ ಚಂದ.

ತೋಟದಮನೆ_ಪುತ್ತೂರು

ಮೂರು ವಾರ ಆಯ್ತು, ಎಲ್ಲರಿಗೂ ವರದಿ ಒಪ್ಪಿಸ್ಲಿಕ್ಕೆ ಬಂದೆ.

ಇಂಕ್‌ಸ್ಕೇಪ್ ಮಗನ ಕಂಪ್ಯೂಟರಲ್ಲಿ ಹಾಕಿಸಿ ಎರಡು ದಿನ ಕೂತು ಕಲಿತೆ. ಹೆಸರಿಗೆ ಬಾಲೂ ತಮ್ಮ, ಉಳಿದದಕ್ಕೆ ಅನೆಕ್ ಕಿರಿದಾದದ್ದು. ಮಧ್ಯದಲ್ಲಿ "ಪುನರ್ಪುಳಿ ಸಿರಪ್", ಕೆಳಗೆ ಸಣ್ಣಕ್ಕೆ "ಮುರುಗಲು, ಕೋಕಂ", ಮತ್ತೆ ಒಂದೇ ಒಂದು ಹಣ್ಣು ಅರ್ಧ ಕೊಯ್ದ ಚಿತ್ರ, ಅದನ್ನು ನಾದಿನಿ ಪೆನ್ಸಿಲಲ್ಲಿ ಬರ್ದು ಕೊಟ್ಲು, ಸ್ಕ್ಯಾನ್ ಮಾಡಿ ಹಾಕಿದೆ. ಸಾದಾ ಕಾಗದದಲ್ಲಿ ಕರಡು ತೆಗ್ದು ಬಾಟಲಿಗೆ ದಾರ ಕಟ್ಟಿ ಅತ್ತೆಗೆ ಕೊಟ್ಟೆ. ಜಗಲಿಯಲ್ಲಿ ಕೂತು ಗಟ್ಟಿ ಓದಿದ್ರು. ಎರಡು ಕಡೆ ನಿಂತ್ರು. ಒಂದು, "ಒಂದು ಲೋಟ ನೀರಿಗೆ" ಅನ್ನುವ ಸಾಲು ತುಂಬ ಸಣ್ಣ, ಅದನ್ನು ದೊಡ್ಡ ಮಾಡಿದೆ. ಇನ್ನೊಂದು ನಾನು "3 ಚಮಚ" ಅಂತ ಹಾಕಿದ್ದೆ. ಅತ್ತೆ ಹೇಳಿದ್ರು, ಇದು ಗಟ್ಟಿ ಪಾಕ, ಎರಡೇ ಸಾಕು, ಚಿಟಿಕೆ ಉಪ್ಪು ಹಾಕ್ಲಿಕ್ಕೆ ಹೇಳು. ಹಾಗೆಯೇ ಹಾಕಿದೆ.

ಪ್ರಿಂಟ್ ಈ ಸಲ ಬೇರೆ ಕಡೆ, ನಾನ್ ಟಿಯರೇಬಲ್, ಮುಂದಿನದಕ್ಕೆ ಮ್ಯಾಟ್ ಲ್ಯಾಮಿನೇಷನ್, ಹಿಂದಿನದಕ್ಕೆ ಇಲ್ಲ, ಹಾಫ್ ಕಟ್. ಅರ್ಕಾವತ್ತು ಎಲ್ಲಿ ಇರ್ಬೇಕೋ ಅಲ್ಲೇ ಉಂಟು. ನೋಂದಣಿ ನಂಬರ್ ಬಂತು, 14 ಅಂಕಿಯನ್ನೂ ಹಿಂದಿನಿಂದ ಮುಂದಕ್ಕೆ ಓದಿ ನೋಡಿದೆ ಅಜ್ಜಾ. ಪಿವಿಸಿ ಪೈಪ್ ದೋಣಿ ಮಾಡಿ ಉಳಿದ 100 ಬಾಟಲಿ ಅರ್ಧ ದಿನದಲ್ಲಿ ಮುಗೀತು. ಒಂದು ಬಾಟಲಿಯನ್ನು ಪರೀಕ್ಷೆಗೆ ಅಂತ ಐಸ್ ನೀರಿನ ಬಕೆಟಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ತೆಗ್ದು ಒರೆಸಿದೆ, ಮೂಲೆ ಏಳ್ಲಿಲ್ಲ, ಬಣ್ಣ ಹೋಗ್ಲಿಲ್ಲ. ಆ ಬಾಟಲಿಯನ್ನು ಅತ್ತೆ ದೇವರ ಕೋಣೆಯ ಪಕ್ಕದ ಕಪಾಟಲ್ಲಿಟ್ಟಿದ್ದಾರೆ, ಅದನ್ನು ಯಾರಿಗೂ ಕೊಡ್ಲಿಕ್ಕಿಲ್ಲವಂತೆ.

ಒಂದೇ ಪ್ರಶ್ನೆ ಉಳಿದದ್ದು. ಮೊದಲು ತಪ್ಪಾಗಿ ಅಂಟಿಸಿದ ಇಪ್ಪತ್ತು ಬಾಟಲಿ ಉಂಟಲ್ಲ, ಅದರ ಅಂಟು ಹೋಗುದೇ ಇಲ್ಲ, ಉಗುರಲ್ಲಿ ಕೆರ್ದು ಸಾಕಾಯ್ತು.

ಜೇನುಗೂಡು_ಶಿರಸಿ

ಉಗುರು ಬೇಡ. ಖಾಲಿ ಬಾಟಲಿಗಳನ್ನ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ನೆನೆಸಿ, ಕಾಗದ ತಾನಾಗಿ ಬಿಡ್ತದೆ. ಉಳಿಯೋ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ, ಆಮೇಲೆ ಎಣ್ಣೆಗೆ ಸ್ವಲ್ಪ ಅಡಿಗೆ ಸೋಡಾ ಬೆರೆಸಿ ಬಟ್ಟೆಯಲ್ಲಿ ತಿಕ್ಕಿ, ಉಂಡೆ ಉಂಡೆ ಆಗಿ ಬರ್ತದೆ. ಕೊನೆಗೆ ಪಾತ್ರೆ ಸೋಪಲ್ಲಿ ಚೆನ್ನಾಗಿ ತೊಳೆದು ಎಣ್ಣೆ ಪೂರ್ತಿ ತೆಗೀರಿ, ಮತ್ತೆ ಸ್ಪಿರಿಟ್ಟಲ್ಲಿ ಒರೆಸದೆ ಹೊಸ ಲೇಬಲ್ ಅಂಟಿಸಬೇಡಿ.

ತೋಟದಮನೆ_ಪುತ್ತೂರು

ಕೊಬ್ಬರಿ ಎಣ್ಣೆಗೆ ನಮ್ಮಲ್ಲಿ ಬರ ಇಲ್ಲ. ಇವತ್ತೇ ನೆನೆಸ್ಲಿಕ್ಕೆ ಹಾಕ್ತೇನೆ.